ಹಂಚಿನ ಮನೆಗೆ ಸರೌಂಡ್ ಸೌಂಡ್: ಸಿನಿಮಾಕ್ಕೊಂದು, ಯಕ್ಷಗಾನಕ್ಕೊಂದು, ಮಳೆಗಾಲಕ್ಕೊಂದು ಸೆಟ್ಟಿಂಗ್

5.1 ಸೆಟ್, ಅಂದರೆ ಐದು ಸ್ಪೀಕರ್ ಮತ್ತು ತಗ್ಗು ದನಿಗೆಂದೇ ಒಂದು ಸಬ್‌ವೂಫರ್ ಇರುವ ಸರೌಂಡ್ ಸೆಟ್, ತಂದವರ ದೂರು ಹೆಚ್ಚಾಗಿ ಒಂದೇ ನಮೂನೆಯದು. ಹೊಡೆದಾಟದ ದೃಶ್ಯ ಬಂದರೆ ಹಂಚು ಅದುರುತ್ತದೆ, ಮಾತು ಬಂದರೆ ಕಿವಿ ಮುಂದೆ ಮಾಡಿ ಕೂರಬೇಕು. ಯಕ್ಷಗಾನ ಹಾಕಿದರೆ ಭಾಗವತರ ದನಿ ಬಾವಿಯೊಳಗಿಂದ ಬಂದ ಹಾಗಿರುತ್ತದೆ. ಇಂಥ ಮನೆಗಳಲ್ಲಿ ಸ್ಪೀಕರ್ ಕೆಟ್ಟಿರುವುದು ಅಪರೂಪ. ಸ್ಪೀಕರನ್ನು ಜಾಗ ಸಿಕ್ಕಲ್ಲಿ ಇಟ್ಟಿರುತ್ತಾರೆ, ಸಿನಿಮಾಕ್ಕೆ ಹಾಕಿದ ಮೋಡ್‌ನಲ್ಲೇ ಎಲ್ಲವನ್ನೂ ಕೇಳುತ್ತಿರುತ್ತಾರೆ. ಜಾಗವನ್ನು ಒಮ್ಮೆ ಅಳೆದು ಗಟ್ಟಿ ಮಾಡಿಬಿಡಬೇಕು. ಮೋಡನ್ನು ಮಾತ್ರ ಏನು ಕೇಳುತ್ತಿದ್ದೀರಿ ಎಂಬುದರ ಮೇಲೆ ಬದಲಿಸುತ್ತಿರಬೇಕು. ಐದೂ ಸ್ಪೀಕರ್ ಸದಾ ಮಾತಾಡಲೇಬೇಕು ಎಂಬ ಹಟ ಬಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಕೋಣೆ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಮನೆಗಳು ಒಂದೇ ತರಹ ಇಲ್ಲ. ಕುಮಟಾ, ಹೊನ್ನಾವರದ ಕಡೆ ಚಿರೆಕಲ್ಲಿನ ಗೋಡೆ, ಮೇಲೆ ಹಂಚು. ಹಂಚಿನ ಸಂದಿನಿಂದ ತಗ್ಗು ದನಿ, ಅಂದರೆ ಬೇಸ್, ಹೊರಗೆ ಸೋರಿಹೋಗುತ್ತದೆ. ಹಾಗಾಗಿ ಸಬ್‌ವೂಫರ್ ತುಸು ಹೆಚ್ಚು ದುಡಿಯಬೇಕು, ಆದರೆ ಒಂದೇ ಸ್ವರ ಗುಂಯ್ ಎಂದು ಉಳಿದುಕೊಳ್ಳುವ ಕಾಟ ಕಡಿಮೆ. ಶಿರಸಿ, ಸಿದ್ದಾಪುರದ ಹಳೆ ಮನೆಗಳಲ್ಲಿ ಮರದ ಮಾಳಿಗೆ, ಕೆಂಪು ಕಾವಿ ನೆಲ. ಅಲ್ಲಿ ಹಲಗೆಗಳೇ ನಡುಗಿ ದನಿ ಸೇರಿಸುತ್ತವೆ. ಕಾರವಾರದ ಫ್ಲ್ಯಾಟ್‌ಗಳಲ್ಲಿ ನಾಲ್ಕೂ ಕಡೆ ಸಿಮೆಂಟ್, ಕೆಳಗೆ ನುಣ್ಣಗಿನ ಟೈಲ್ಸ್. ಬೇಸ್ ಹೊರಗೆ ಹೋಗುವುದಿಲ್ಲ, ಮೇಲು ದನಿ ಗೋಡೆಯಿಂದ ಗೋಡೆಗೆ ಪುಟಿಯುತ್ತದೆ. ಮೂರರಲ್ಲಿ ಕಷ್ಟದ ಕೋಣೆ ಇದೇ.

ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಚಪ್ಪಾಳೆಯ ಹಿಂದೆಯೇ ತಂತಿ ಮೀಟಿದ ಹಾಗೆ ಟಿರ್ರ್ ಎಂಬ ಬಾಲ ಕೇಳಿದರೆ ಎದುರುಬದುರು ಬೋಳು ಗೋಡೆಗಳಿವೆ ಎಂದರ್ಥ. ಟಿವಿ ಮತ್ತು ಕೂರುವ ಜಾಗದ ನಡುವಿನ ನೆಲಕ್ಕೆ ದಪ್ಪ ಜಮಖಾನೆ ಹಾಸಿ. ಗೋಡೆಗೆ ಏನು ಹಾಕಬೇಕು, ಎಲ್ಲಿ ಹಾಕಬೇಕು ಎಂಬುದಕ್ಕೆ ಕನ್ನಡಿ ಬೇಕು. ನೀವು ಕೂರುವ ಜಾಗದಲ್ಲಿ ಕೂತಿರಿ, ಇನ್ನೊಬ್ಬರು ಪಕ್ಕದ ಗೋಡೆಗೆ ಒತ್ತಿ ಕನ್ನಡಿಯನ್ನು ನಿಮ್ಮ ಕಿವಿಯ ಎತ್ತರದಲ್ಲಿ ಮೆಲ್ಲಗೆ ಜಾರಿಸುತ್ತ ಹೋಗಲಿ. ಕನ್ನಡಿಯಲ್ಲಿ ಮುಂದಿನ ಸ್ಪೀಕರ್ ಕಂಡ ಜಾಗದಿಂದಲೇ ದನಿ ಪುಟಿದು ನಿಮಗೆ ಬರುತ್ತಿದೆ. ಅಲ್ಲಿ ಪುಸ್ತಕದ ಕಪಾಟು ಇಡಿ, ಇಲ್ಲವೇ ಕೌದಿ ತೂಗುಹಾಕಿ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಹೊಲಿಯುವಂಥ ನಾಲ್ಕಾರು ಪದರದ ಕೌದಿ ಇದಕ್ಕೆ ಹೇಳಿ ಮಾಡಿಸಿದ ಸರಕು. ಗೋಡೆಗೆ ತಾಗಿಸದೆ ಎರಡು ಇಂಚು ಮುಂದೆ ತೂಗಿಸಿದರೆ ಕೆಲಸ ಹೆಚ್ಚು. ತೆಳು ಪರದೆಯಿಂದ ಏನೂ ಆಗದು. ಕೌದಿ ಕೂಡ ಮೇಲು ದನಿಯನ್ನು ಹೀರುತ್ತದೆಯೇ ಹೊರತು ಬೇಸನ್ನು ಮುಟ್ಟುವುದಿಲ್ಲ, ಬೇಸ್‌ಗೆ ಮದ್ದು ಜಾಗದಲ್ಲಿದೆ.

ಟೇಪು ಹಿಡಿದು ಜಾಗ ಗುರುತಿಸುವುದು

ಲೆಕ್ಕಕ್ಕೆ 16 ಅಡಿ ಉದ್ದ, 12 ಅಡಿ ಅಗಲದ ಒಂದು ಕೋಣೆ ಇಟ್ಟುಕೊಳ್ಳೋಣ. ಟಿವಿ 12 ಅಡಿ ಗೋಡೆಯ ನಡುವೆ ಇದೆ.

ಕೂರುವ ಜಾಗವನ್ನು ಮೊದಲು ಗೊತ್ತು ಮಾಡಿ. ಸೋಫಾವನ್ನು ಹಿಂದಿನ ಗೋಡೆಗೆ ಒತ್ತಿ ಇಡುವುದು ನಮ್ಮಲ್ಲಿ ರೂಢಿ, ಆದರೆ ಗೋಡೆಯ ಬುಡದಲ್ಲಿ ಬೇಸ್ ಗುಡ್ಡೆ ಬೀಳುತ್ತದೆ. ಸರಿಯಾಗಿ ನಡುವೆ, 8 ಅಡಿಗೆ, ಕೂತರೆ ಅದಕ್ಕೆ ತಿರುಗಾಮುರುಗ: 16 ಅಡಿ ಉದ್ದದ ಕೋಣೆ 35 ಹರ್ಟ್ಸ್ ಹತ್ತಿರ ಅನುರಣಿಸುತ್ತದೆ, ಆ ಸ್ವರ ನಟ್ಟನಡುವೆ ಸತ್ತುಹೋಗುತ್ತದೆ. ಹಿಂದಿನ ಗೋಡೆಯಿಂದ ಸುಮಾರು 6 ಅಡಿ ಮುಂದೆ, ಟಿವಿ ಗೋಡೆಯಿಂದ 10 ಅಡಿಗೆ ಕೂತರೆ ಎರಡೂ ತೊಂದರೆ ತಪ್ಪುತ್ತವೆ. ಅಷ್ಟು ಜಾಗ ಬಿಡಲಾಗದಿದ್ದರೆ ಹಿಂದಿನ ಗೋಡೆಯಿಂದ ಎರಡಡಿಯಾದರೂ ಬಿಡಿ.

ಮುಂದಿನ ಎಡ ಬಲ ಸ್ಪೀಕರ್‌ಗಳನ್ನು ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ, ಒಂದಕ್ಕೊಂದು 8 ಅಡಿ ದೂರ ಇಡಿ. ಆಗ ಪಕ್ಕದ ಗೋಡೆಗಳಿಗೆ ಎರಡೆರಡು ಅಡಿ ಉಳಿಯುತ್ತದೆ, ಕೂತವರಿಗೆ ಒಂದೊಂದು ಸ್ಪೀಕರ್ ಸುಮಾರು 25 ಡಿಗ್ರಿ ಓರೆಯಲ್ಲಿ ಕಾಣುತ್ತದೆ. 22ರಿಂದ 30 ಡಿಗ್ರಿಯೊಳಗೆ ಎಲ್ಲಿದ್ದರೂ ಸರಿ. ಕೋನ ಅಳೆಯುವ ಉಪಕರಣ ಬೇಡ, ಹತ್ತಿನೂಲು ಸಾಕು. ಕೂತವರ ಮೂಗಿನ ತುದಿಗೆ ನೂಲಿನ ಒಂದು ತುದಿ ಹಿಡಿದು ಎಡ ಸ್ಪೀಕರಿನ ಟ್ವೀಟರಿಗೆ (ಮೇಲು ದನಿ ಬರುವ ಸಣ್ಣ ಗುಂಡಿಗೆ) ಎಳೆಯಿರಿ, ಗಂಟು ಹಾಕಿ. ಅದೇ ನೂಲನ್ನು ಬಲಕ್ಕೆ ಒಯ್ದಾಗ ಗಂಟು ಟ್ವೀಟರಿನ ಮೇಲೇ ಬೀಳಬೇಕು. ಒಂದು ಇಂಚು ಆಚೀಚೆ ಆದರೂ ಸ್ಪೀಕರ್ ಸರಿಸಿ. ಈ ಅಂತರ ತಪ್ಪಿದರೆ ಹಾಡುಗಾರರ ದನಿ ನಡುವೆ ನಿಲ್ಲದೆ ಹತ್ತಿರದ ಸ್ಪೀಕರಿಗೆ ವಾಲುತ್ತದೆ. ಟ್ವೀಟರ್ ಕಿವಿಯ ಎತ್ತರಕ್ಕಿರಬೇಕು: ಸೋಫಾದಲ್ಲಿ ಕೂತರೆ ನೆಲದಿಂದ ಮೂರು, ಮೂರೂವರೆ ಅಡಿ. ಚಾಪೆ ಹಾಕಿ ನೆಲದಲ್ಲಿ ಕೂರುವ ಮನೆಯಾದರೆ ಎರಡೂಕಾಲು ಅಡಿಯ ಆಸುಪಾಸು. ಈ ವ್ಯತ್ಯಾಸವನ್ನು ಬಹಳ ಜನ ಮರೆಯುತ್ತಾರೆ.

ಸೆಂಟರ್ ಸ್ಪೀಕರ್ ಟಿವಿಯ ಕೆಳಗೆ ನಡುಮಧ್ಯ. ಅದನ್ನು ಹಲಗೆಯ ಒಳಗೆ ಹುದುಗಿಸಬೇಡಿ, ಮುಖ ಹಲಗೆಯ ಅಂಚಿಗೆ ಸರಿಯಾಗಿ ಬರಲಿ. ಕಿವಿಗಿಂತ ಕೆಳಗಿದ್ದರೆ ಮುಂದಿನ ಪಾದದಡಿ ರಬ್ಬರ್ ತುಂಡು ಕೊಟ್ಟು ಮುಖ ಮೇಲೆತ್ತಿ. ಸಿನಿಮಾದ ಮಾತು ಬಹುಪಾಲು ಇದರಿಂದಲೇ ಬರುವುದು. ಮಾತು ಮಂಕಾಗಿದೆ ಎಂದು ದೂರುವ ಮನೆಗಳಲ್ಲಿ ಸೆಂಟರ್ ಸ್ಪೀಕರಿನ ಮುಂದೆ ಸೆಟ್‌ಟಾಪ್ ಬಾಕ್ಸೋ ಹೂವಿನ ಕುಂಡವೋ ಇದೆಯೇ ಎಂದು ಮೊದಲು ನೋಡಬೇಕು.

ಹಿಂದಿನ ಎರಡನ್ನು, ಅಂದರೆ ಸರೌಂಡ್ ಸ್ಪೀಕರ್‌ಗಳನ್ನು, ಪೂರಾ ಬೆನ್ನ ಹಿಂದೆ ಮೂಲೆಯಲ್ಲಿ ಹಾಕುವುದೇ ಎಲ್ಲಕ್ಕಿಂತ ಸಾಮಾನ್ಯ ತಪ್ಪು. 5.1ರಲ್ಲಿ ಅವು ಪಕ್ಕಕ್ಕಿದ್ದು ತುಸು ಹಿಂದೆ ಇರಬೇಕು, ನೇರ ಎದುರಿನಿಂದ ಎಣಿಸಿ 110 ಡಿಗ್ರಿ. ನಮ್ಮ ಲೆಕ್ಕದ ಕೋಣೆಯಲ್ಲಿ ಪಕ್ಕದ ಗೋಡೆ ನಿಮ್ಮಿಂದ 6 ಅಡಿ ಇದೆ. ಆ ಗೋಡೆಯ ಮೇಲೆ, ನಿಮ್ಮ ಕಿವಿಯ ನೇರದಿಂದ ಎರಡಡಿ ಹಿಂದಕ್ಕೆ ಗುರುತು ಹಾಕಿದರೆ ಸರಿಹೋಗುತ್ತದೆ. ಎತ್ತರ ನೆಲದಿಂದ ಸುಮಾರು 5 ಅಡಿ, ಅಂದರೆ ಪಕ್ಕದಲ್ಲಿ ಕೂತವರ ತಲೆ ಅಡ್ಡ ಬಾರದಷ್ಟು.

ಚಿರೆಕಲ್ಲಿನ ಗೋಡೆಗೆ ಸ್ಪೀಕರ್ ತೂಗಿಸುವಾಗ ಎಚ್ಚರ ಬೇಕು. ಕಲ್ಲು ಮೆದು, ತೂತುತೂತು. ಡ್ರಿಲ್ ಕೊಟ್ಟಲ್ಲಿ ಪುಡಿ ಉದುರಿ ತೂತು ದೊಡ್ಡದಾಗುತ್ತದೆ, ಸಣ್ಣ ರಾಲ್ ಪ್ಲಗ್ ಒಂದೆರಡು ತಿಂಗಳ ನಡುಕಕ್ಕೆ ಸಡಿಲವಾಗುತ್ತದೆ. ಒಂದು ಅಡಿ ಉದ್ದದ ಗಟ್ಟಿ ಮರದ ಪಟ್ಟಿಯನ್ನು ನಾಲ್ಕು ಉದ್ದ ಸ್ಕ್ರೂ ಹಾಕಿ ಕಲ್ಲಿಗೆ ಕೂರಿಸಿ, ಸ್ಪೀಕರಿನ ಬ್ರಾಕೆಟನ್ನು ಆ ಪಟ್ಟಿಗೆ ಬಿಗಿಯಿರಿ. ಭಾರ ನಾಲ್ಕು ಕಡೆ ಹಂಚಿಹೋಗುತ್ತದೆ. ಮರದ ಕಂಬ ಸಿಕ್ಕುವ ಮನೆಯಾದರೆ ಕಂಬಕ್ಕೇ ಬಿಗಿದುಬಿಡಿ.

ತಲೆಯ ಮೇಲಿನಿಂದಲೂ ದನಿ ಬರುವ ಡಾಲ್ಬಿ ಅಟ್ಮಾಸ್ ಬೇಕೆಂದು ಮೇಲ್ಮುಖದ ಸ್ಪೀಕರ್ ಕೊಳ್ಳುವವರಿಗೆ ಒಂದು ಮಾತು. ಅವು ದನಿಯನ್ನು ಚಪ್ಪಟೆ ಚಾವಣಿಗೆ ಹೊಡೆದು ಕೆಳಗೆ ಪುಟಿಸುವ ಸ್ಪೀಕರ್‌ಗಳು. ಇಳಿಜಾರು ಹಂಚಿಗೆ ಹೊಡೆದರೆ ದನಿ ಇನ್ನೆಲ್ಲಿಗೋ ಹೋಗುತ್ತದೆ, ತೊಲೆ ಜಂತಿ ಇರುವ ಮಾಳಿಗೆಯಲ್ಲಿ ಚೂರುಚೂರಾಗುತ್ತದೆ. ಹಂಚಿನ ಮನೆಗೆ ಆ ದುಡ್ಡನ್ನು ಒಳ್ಳೆಯ ಸೆಂಟರ್ ಸ್ಪೀಕರಿಗೆ ಹಾಕಿ. ಅಟ್ಮಾಸ್ ಬೇಕೇಬೇಕೆಂದರೆ ಸಣ್ಣ ಸ್ಪೀಕರ್‌ಗಳನ್ನು ಅಡ್ಡತೊಲೆಗೆ ಬಿಗಿದು ಕೆಳಮುಖ ಮಾಡುವುದೇ ದಾರಿ.

ವೈರು

ಈ ಕೋಣೆಗೆ ಎಷ್ಟು ವೈರ್ ಬೇಕು? ಮುಂದಿನ ಎರಡಕ್ಕೆ ಎಂಟೆಂಟು ಅಡಿ, ಸೆಂಟರಿಗೆ ನಾಲ್ಕು. ಸರೌಂಡ್‌ಗಳಿಗೆ ಗೋಡೆಯ ಬುಡ ಹಿಡಿದು ಹೋಗಿ ಮೇಲೇರಲು 25 ಅಡಿಯಂತೆ 50. ಒಟ್ಟು 70 ಅಡಿ. 25 ಮೀಟರ್ ಕೊಂಡರೆ ತುಸು ಮಿಗುತ್ತದೆ. ನಡುವೆ ಬಾಗಿಲಿದ್ದು ಚೌಕಟ್ಟು ಹತ್ತಿ ಇಳಿಯಬೇಕಾದರೆ ಇನ್ನೊಂದು 5 ಮೀಟರ್ ಸೇರಿಸಿ. 1.5 ಚದರ ಮಿಲಿಮೀಟರಿನ ಜೋಡಿ ವೈರ್ ಸಾಕು. 25 ಅಡಿಗೆ ಅದರ ತಡೆ ಹೋಗಿಬರುವ ಲೆಕ್ಕದಲ್ಲಿ 0.2 ಓಮಿಗಿಂತ ಕಡಿಮೆ, 6 ಅಥವಾ 8 ಓಮಿನ ಸ್ಪೀಕರಿಗೆ ಇದು ಲೆಕ್ಕಕ್ಕೆ ಬಾರದು. 15 ಮೀಟರ್ ದಾಟಿದರೆ ಮಾತ್ರ 2.5 ತೆಗೆದುಕೊಳ್ಳಿ.

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ವೈರಿನಲ್ಲಿ ಅಲ್ಯೂಮಿನಿಯಂ ಎಳೆಗೆ ತಾಮ್ರ ಬಳಿದಿರುತ್ತಾರೆ. ಒಂದು ಎಳೆಯನ್ನು ಚಾಕುವಿನ ಬಾಯಿಂದ ಕೆರೆದು ನೋಡಿ: ಒಳಗೆ ಬಿಳಿ ಕಂಡರೆ ಬೇಡ. ಕಡಲ ಬದಿಯಲ್ಲಿ ಅದು ಬೇಗ ಪುಡಿಯಾಗುತ್ತದೆ. ಕಾರವಾರ, ಅಂಕೋಲೆಯ ಉಪ್ಪು ಗಾಳಿಗೆ ಬರೀ ತಾಮ್ರವೂ ತುದಿಯಲ್ಲಿ ಹಸಿರು ಹಿಡಿಯುತ್ತದೆ. ತವರ ಲೇಪಿಸಿದ ತಾಮ್ರದ ವೈರ್ ಸಿಕ್ಕರೆ ಅದನ್ನೇ ತನ್ನಿ. ಸಿಗದಿದ್ದರೆ ತುದಿಗೆ ಬಂಗಾರದ ಲೇಪದ ಬನಾನಾ ಪ್ಲಗ್ ಬಿಗಿಯಿರಿ. ಬರಿ ತುದಿಯನ್ನೇ ಸಿಕ್ಕಿಸಿದ್ದರೆ ವರ್ಷಕ್ಕೊಮ್ಮೆ ಹಸಿರಾದ ಒಂದು ಇಂಚು ಕತ್ತರಿಸಿ ಹೊಸ ತಾಮ್ರ ಬಿಚ್ಚಿ. ಹಾಗೆ ಬಿಚ್ಚುವಾಗ ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ರಿಸೀವರ್ (ಸ್ಪೀಕರ್‌ಗಳನ್ನೆಲ್ಲ ನಡೆಸುವ ಪೆಟ್ಟಿಗೆ) ತನ್ನಷ್ಟಕ್ಕೆ ಆಫ್ ಆಗುತ್ತದೆ, ಪದೇ ಪದೇ ಆದರೆ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ಎಳೆಗಳನ್ನು ಬಿಗಿಯಾಗಿ ಹುರಿ ಮಾಡಿಯೇ ತೂರಿಸಿ.

ಕೆಂಪು ಕಪ್ಪು ಅದಲುಬದಲಾಗುವುದು ಇನ್ನೊಂದು ಕಾಟ. ಉದ್ದ ವೈರಿನ ಆ ತುದಿ ಯಾವುದೆಂದು ಗೊತ್ತಾಗದಾಗ ಹೀಗೆ ಮಾಡಿ. ರಿಸೀವರ್ ಆಫ್ ಮಾಡಿ, ಅದರ ಕಡೆಯ ತುದಿ ಬಿಚ್ಚಿ. ಟಾರ್ಚಿಗೆ ಹಾಕುವ 1.5 ವೋಲ್ಟ್ ಸೆಲ್ಲಿನ ಪ್ಲಸ್‌ಗೆ ಕೆಂಪು ಅಂದುಕೊಂಡ ತುದಿ, ಮೈನಸ್‌ಗೆ ಇನ್ನೊಂದು ತಾಗಿಸಿ. ಚಣ ಮಾತ್ರ, ಟಕ್ ಎಂದು ತಾಗಿಸಿ ತೆಗೆಯಬೇಕು. ಜಾಲರಿ ತೆಗೆದ ಸ್ಪೀಕರಿನ ವೂಫರ್ (ತಗ್ಗು ದನಿಯ ದೊಡ್ಡ ಗುಂಡಿ) ಕಾಗದ ನಿಮ್ಮತ್ತ ಉಬ್ಬಿದರೆ ಸರಿ, ಒಳಕ್ಕೆ ಸೆಳೆದುಕೊಂಡರೆ ತಿರುಚಿದೆ. ಐದನ್ನೂ ಹೀಗೆ ನೋಡಿ. ಮುಂದಿನ ಎರಡರಲ್ಲಿ ಒಂದು ತಿರುಚಿದ್ದರೂ ಬೇಸ್ ಮಾಯವಾಗುತ್ತದೆ, ದನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ.

ಸಬ್‌ವೂಫರ್

ಸಬ್‌ವೂಫರಿಗೆ ಜಾಗ ಹುಡುಕುವ ಕ್ರಮ ಸ್ವಲ್ಪ ವಿಚಿತ್ರ, ಆದರೆ ಇದಕ್ಕಿಂತ ಒಳ್ಳೆಯದು ಇಲ್ಲ. ಸೋಫಾ ಸರಿಸಿ, ನೀವು ಕೂರುವ ಜಾಗದಲ್ಲೇ ಸಬ್‌ವೂಫರ್ ಇಡಿ. ಒಂದೇ ಹದದಲ್ಲಿ ತಗ್ಗು ಸ್ವರಗಳು ಏರಿಳಿಯುವ ಹಾಡನ್ನೋ 30ರಿಂದ 80 ಹರ್ಟ್ಸಿನ ಟೆಸ್ಟ್ ಟೋನನ್ನೋ ಹಾಕಿ. ಈಗ ಗೋಡೆಯ ಬುಡದಲ್ಲಿ, ತಲೆಯನ್ನು ನೆಲದಿಂದ ಒಂದು ಅಡಿ ಎತ್ತರಕ್ಕಿಟ್ಟುಕೊಂಡು ಅಂಬೆಗಾಲಲ್ಲಿ ಹೋಗಿ. ಕೆಲವು ಕಡೆ ಒಂದು ಸ್ವರ ಗುಡುಗುತ್ತದೆ, ಕೆಲವು ಕಡೆ ಎಲ್ಲ ಸತ್ತಂತಿರುತ್ತದೆ. ಎಲ್ಲ ಸ್ವರವೂ ಒಂದೇ ತೂಕದಲ್ಲಿ ಕೇಳಿದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಸಬ್‌ವೂಫರ್ ಅಲ್ಲಿಗೆ ಹೋಗಲಿ. ಮೂಲೆಗಿಟ್ಟರೆ ಜೋರು ಬರುತ್ತದೆ ಎಂಬುದು ನಿಜ. ಫ್ಲ್ಯಾಟ್‌ನಲ್ಲಿ ಆ ಜೋರು ಗುಂಯ್‌ಗುಡುವ ಜೋರು. ಹಂಚಿನ ಮನೆಯಲ್ಲಿ ಬೇಸ್ ಸೋರುವುದರಿಂದ ಮೂಲೆ ಎಷ್ಟೋ ಸಲ ಒಪ್ಪುತ್ತದೆ.

ಹಲಗೆ ನೆಲವಾದರೆ ಸಬ್‌ವೂಫರ್ ಕೆಳಗೆ ದಪ್ಪ ರಬ್ಬರ್ ಹಾಕಿ, ರಬ್ಬರಿನ ಮೇಲೆ ಒಂದು ಕಲ್ಲು ಚಪ್ಪಡಿ, ಚಪ್ಪಡಿಯ ಮೇಲೆ ಸಬ್‌ವೂಫರ್ ಇಡಿ. ನಂತರ ಮೊಬೈಲಿನಿಂದ 20ರಿಂದ 120 ಹರ್ಟ್ಸಿನವರೆಗೆ ಮೆಲ್ಲಗೆ ಏರುವ ಟೋನ್ ಹಾಕಿ ಮನೆ ಸುತ್ತಿ. ಕಿಟಕಿ ಗಾಜು, ದೇವರ ಫೋಟೋ, ನಾಗಂದಿಗೆಯ ಮೇಲಿನ ಪಾತ್ರೆ, ಸರಿದ ಒಂದು ಹಂಚು, ಯಾವುದು ಯಾವ ಸ್ವರಕ್ಕೆ ಗಲಗಲ ಎನ್ನುತ್ತದೆ ಎಂದು ಆಗ ಸಿಕ್ಕಿಬೀಳುತ್ತದೆ. ಫೋಟೋ ಚೌಕಟ್ಟಿನ ಹಿಂದೆ ಎರಡು ಚೂರು ಸೈಕಲ್ ಟ್ಯೂಬು ಅಂಟಿಸಿದರೆ ಸುಮ್ಮನಾಗುತ್ತದೆ. ಸ್ಪೀಕರ್ ಒಡೆದಿದೆ ಎಂದು ರಿಪೇರಿಗೆ ಒಯ್ಯುವ ಮೊದಲು ಇದನ್ನು ಮಾಡಲೇಬೇಕು.

ರಿಸೀವರಿನ ಲೆಕ್ಕಾಚಾರ

ರಿಸೀವರ್ ಜೊತೆ ಬರುವ ಮೈಕ್‌ನಿಂದ ರಿಸೀವರೇ ಕೋಣೆಯ ಅಳತೆ ಮಾಡಿಕೊಳ್ಳುತ್ತದೆ. ಮೈಕನ್ನು ಕೈಯಲ್ಲಿ ಹಿಡಿಯಬೇಡಿ, ಸೋಫಾದ ಬೆನ್ನಿಗೂ ಒರಗಿಸಬೇಡಿ. ಕ್ಯಾಮೆರಾ ಸ್ಟ್ಯಾಂಡಿಗೆ ಸಿಕ್ಕಿಸಿ ಕಿವಿ ಇರುವ ಎತ್ತರದಲ್ಲೇ ಇಡಿ. ಮೊದಲ ಅಳತೆ ಮುಖ್ಯ ಕೂರುವ ಜಾಗದ್ದು, ಉಳಿದವು ಅದರಿಂದ ಎರಡಡಿಯೊಳಗೆ. ಫ್ಯಾನ್ ಆಫ್, ಫ್ರಿಜ್ ಆಫ್. ಮಳೆ ಹೊಯ್ಯುವಾಗ ಮಾಡಿದರೆ ಹಂಚಿನ ಸದ್ದೇ ಲೆಕ್ಕಕ್ಕೆ ಸೇರುತ್ತದೆ, ಹೊಳವಾದ ದಿನ ನೋಡಿ ಮಾಡಿ.

ಅಳತೆ ಮುಗಿದ ಮೇಲೆ ಅದು ಹೇಳಿದ್ದನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಮುಂದಿನ ಸ್ಪೀಕರ್‌ಗಳನ್ನು 'ಲಾರ್ಜ್' ಎಂದು ಬರೆದುಕೊಂಡಿದ್ದರೆ 'ಸ್ಮಾಲ್' ಮಾಡಿ, ಕ್ರಾಸ್‌ಓವರ್ (ಎಷ್ಟು ಹರ್ಟ್ಸಿಗಿಂತ ಕೆಳಗಿನದು ಸಬ್‌ವೂಫರಿಗೆ ಹೋಗಬೇಕೆಂಬ ಗಡಿ) 80 ಹರ್ಟ್ಸ್ ಇಡಿ. ಅಂಗೈಯಗಲದ ಸಣ್ಣ ಸ್ಪೀಕರ್‌ಗಳಾದರೆ 100 ಅಥವಾ 120. ಎಲ್‌ಎಫ್‌ಇ ಎಂಬ, ಸಿನಿಮಾದ ತಗ್ಗು ದನಿಗೆಂದೇ ಇರುವ ಚಾನೆಲ್ಲಿಗೆ 120 ಹರ್ಟ್ಸ್ ಬಿಡಿ. ಸಬ್‌ವೂಫರಿನ ಹಿಂದಿರುವ ಕ್ರಾಸ್‌ಓವರ್ ತಿರುಪನ್ನು ಕೊನೆಯವರೆಗೆ ತಿರುಗಿಸಿ ಬಿಡಬೇಕು. ಇಲ್ಲದಿದ್ದರೆ ಎರಡೆರಡು ಜರಡಿ ಹಿಡಿದ ಹಾಗಾಗಿ ನಡುವಿನ ಸ್ವರ ಕಾಣೆಯಾಗುತ್ತದೆ. ಸ್ಪೀಕರ್‌ಗಳ ದೂರ ನಿಮ್ಮ ಟೇಪಿಗೆ ತಾಳೆಯಾಗಬೇಕು: ಮುಂದಿನವು ಸುಮಾರು 9.4 ಅಡಿ, ಸರೌಂಡ್ 6.3. ಸಬ್‌ವೂಫರಿನದು ಮಾತ್ರ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ, ಅದರೊಳಗಿನ ಸರ್ಕ್ಯೂಟ್ ದನಿಯನ್ನು ತಡ ಮಾಡುವುದರಿಂದ. ಅದನ್ನು ತಿದ್ದಬೇಡಿ.

ಮೈಕ್ ಇಲ್ಲದ ಸೆಟ್ಟಾದರೆ ಟೆಸ್ಟ್ ಟೋನ್ ಹಾಕಿ ಮೊಬೈಲಿನ ಡೆಸಿಬಲ್ ಆ್ಯಪ್ ಹಿಡಿದು ಪ್ರತಿ ಸ್ಪೀಕರೂ ಕೂರುವ ಜಾಗದಲ್ಲಿ 75 ಡಿಬಿ ತೋರುವಂತೆ ಹೊಂದಿಸಿ. ಮೊಬೈಲಿನ ಅಂಕಿ ನಿಖರವಲ್ಲದಿದ್ದರೂ ಒಂದಕ್ಕೊಂದು ಹೋಲಿಸಲು ಸಾಕು, ಒಂದು ಡಿಬಿಯೊಳಗೆ ಬಂದರೆ ಸರಿ.

ಸಿನಿಮಾ

ಟಿವಿಯಿಂದ ರಿಸೀವರಿಗೆ ಎಚ್‌ಡಿಎಂಐ ಏಆರ್‌ಸಿ ಎಂದು ಬರೆದ ಕಿಂಡಿಯಲ್ಲೇ ವೈರ್ ಹಾಕಿ. ಆಮೇಲೆ ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ 'ಪಿಸಿಎಂ' ಇದ್ದರೆ 'ಆಟೋ' ಅಥವಾ 'ಪಾಸ್ ಥ್ರೂ' ಮಾಡಿ. ಸಾದಾ ಏಆರ್‌ಸಿಯಲ್ಲಿ ಪಿಸಿಎಂ ಎಂದರೆ ಎರಡೇ ಚಾನೆಲ್. ಐದು ಸ್ಪೀಕರ್ ಕೂರಿಸಿಯೂ ವರ್ಷಗಟ್ಟಲೆ ಸ್ಟೀರಿಯೋ ಕೇಳುವವರು ಇದ್ದಾರೆ, ಕಾರಣ ಈ ಒಂದು ಸಾಲು. ಸಿನಿಮಾ ಓಡುವಾಗ ರಿಸೀವರಿನ ಮುಖದಲ್ಲಿ ಡಾಲ್ಬಿಯ ಹೆಸರು ಕಾಣಬೇಕು, ಪಿಸಿಎಂ ಕಾಣಬಾರದು. ಓಟಿಟಿಯಲ್ಲಿ ಭಾಷೆ ಆರಿಸುವಾಗಲೂ ಕಣ್ಣಿಡಿ. ಮೂಲ ಭಾಷೆಗೆ 5.1 ಇದ್ದು, ಕನ್ನಡ ಡಬ್ಬಿಂಗ್ ಟ್ರ್ಯಾಕ್ ಸ್ಟೀರಿಯೋ ಮಾತ್ರ ಇರುವುದುಂಟು.

ಮಾತು ಸಣ್ಣ, ಹೊಡೆದಾಟ ದೊಡ್ಡ ಅನ್ನಿಸಿದರೆ ಇಡೀ ವಾಲ್ಯೂಮ್ ಏರಿಸಬೇಡಿ. ಸೆಂಟರನ್ನು 2ರಿಂದ 3 ಡಿಬಿ ಏರಿಸಿ. ರಾತ್ರಿ ಹಿರಿಯರು ಮಲಗಿದ ಮೇಲೆ ನೋಡುವಾಗ 'ನೈಟ್ ಮೋಡ್' ಹಾಕಿ, ಅದು ಜೋರಿನದನ್ನು ತಗ್ಗಿಸಿ ಸಣ್ಣದನ್ನು ಏರಿಸುತ್ತದೆ. ತುಟಿಗೂ ಮಾತಿಗೂ ತಾಳೆ ತಪ್ಪಿದರೆ 'ಲಿಪ್ ಸಿಂಕ್' ಎಂಬಲ್ಲಿ 20 ಮಿಲಿಸೆಕೆಂಡಿನಂತೆ ಹೆಚ್ಚಿಸುತ್ತ ಹೋಗಿ. ಮಾತು ಮುಂದೆ ಓಡುತ್ತಿದ್ದರೆ ಮಾತ್ರ ಇದರಿಂದ ಸರಿಯಾಗುತ್ತದೆ.

ಯಕ್ಷಗಾನ, ತಾಳಮದ್ದಳೆ, ಸಂಗೀತ

ಬಡಗುತಿಟ್ಟಿನ ಆಟದ ಧ್ವನಿಮುದ್ರಣ ಸರೌಂಡ್ ಸೆಟ್ಟಿಗೆ ಕಠಿಣ ಪರೀಕ್ಷೆ. ಭಾಗವತರ ದನಿ, ಮದ್ದಳೆ, ಚಂಡೆ ಮೂರೂ ಒಂದೆರಡು ಮೈಕಿನಲ್ಲೇ ಬಿದ್ದಿರುತ್ತವೆ. ಚಂಡೆಯ ಪೆಟ್ಟು ಚೂಪು, ಬಂದ ಕ್ಷಣದಲ್ಲೇ ಮುಗಿಯುವಂಥದ್ದು. ಸಿನಿಮಾಕ್ಕೆಂದು ಹಾಕಿದ ನೈಟ್ ಮೋಡ್ ಹಾಗೇ ಉಳಿದಿದ್ದರೆ ಪ್ರತಿ ಪೆಟ್ಟಿಗೂ ರಿಸೀವರ್ ಇಡೀ ದನಿಯನ್ನು ಅದುಮುತ್ತದೆ, ಪೆಟ್ಟಿನ ಜೊತೆಗೆ ಪದ್ಯವೂ ಮುಳುಗಿ ಮೇಲೆದ್ದ ಹಾಗೆ ಕೇಳುತ್ತದೆ. ನೈಟ್ ಮೋಡ್ ತೆಗೆಯಿರಿ, ಟಿವಿಯೊಳಗಿನ 'ಆಟೋ ವಾಲ್ಯೂಮ್' ಕೂಡ.

ಮೋಡ್ 'ಸ್ಟೀರಿಯೋ' ಇರಲಿ. ಎರಡು ಚಾನೆಲ್ಲಿನ ದನಿಯನ್ನು ಐದೂ ಸ್ಪೀಕರಿಗೆ ಹಂಚುವ ಡಾಲ್ಬಿ ಸರೌಂಡ್ ಮುಂತಾದ ಅಪ್‌ಮಿಕ್ಸ್ ಮೋಡ್‌ಗಳು ಎಡ ಬಲ ಚಾನೆಲ್‌ಗಳಲ್ಲಿ ಒಂದೇ ಆಗಿರುವುದನ್ನು ಸೆಂಟರಿಗೂ, ಒಂದಕ್ಕೊಂದು ಹೊಂದದ್ದನ್ನು ಹಿಂದಕ್ಕೂ ಕಳಿಸುತ್ತವೆ. ಹಳೆ ಕ್ಯಾಸೆಟ್ಟಿನಿಂದ ಮೊಬೈಲಿಗೆ ಇಳಿಸಿಕೊಂಡ ಪ್ರಸಂಗದಲ್ಲಿ ಎಡ ಬಲಕ್ಕೆ ಹೊಂದದೇ ಇರುವುದು ಯಾವುದು? ಟೇಪಿನ ಸುಯ್ ಸದ್ದು. ಅಷ್ಟೂ ಸುಯ್‌ಗುಡುವಿಕೆ ನಿಮ್ಮ ಬೆನ್ನ ಹಿಂದೆ ಬಂದು ಕೂರುತ್ತದೆ. ಇಂಥ ಮುದ್ರಣಕ್ಕೆ ರಿಸೀವರಿನಲ್ಲಿ 'ಮೋನೋ' ಇದ್ದರೆ ಅದೇ ಲೇಸು, ಎರಡೂ ಚಾನೆಲ್ ಕೂಡಿದಾಗ ಸುಯ್ ಎಂಬುದು ತುಸು ಅಡಗುತ್ತದೆ.

ರಂಗಸ್ಥಳದ ಹಲಗೆಯ ಮೇಲೆ ವೇಷ ಕುಣಿದ ಧಡಧಡ, ಮೈಕಿಗೆ ಬಡಿದ ಗಾಳಿ, ಇವೆಲ್ಲ ಸಬ್‌ವೂಫರಿಗೆ ಹೋಗಿ ಗುಡುಗಿನಂತೆ ಕೇಳುತ್ತವೆ. ಸಬ್‌ವೂಫರ್ 3ರಿಂದ 4 ಡಿಬಿ ಇಳಿಸಿ. ಮದ್ದಳೆಯ ತೂಕ ಅಷ್ಟರಿಂದ ಕೆಡುವುದಿಲ್ಲ. ಚಂಡೆ ಕಿವಿಗೆ ಚುಚ್ಚಿದರೆ ಟ್ರೆಬಲ್ ಇಳಿಸುವ ಮೊದಲು ಸ್ಪೀಕರಿನ ಮುಖವನ್ನು ನಿಮ್ಮ ಕಿವಿಯಿಂದ ಸ್ವಲ್ಪ ಆಚೆಗೆ ತಿರುಗಿಸಿ, ತಲೆಯ ಹಿಂದೆ ಎಲ್ಲೋ ಕೂಡುವ ಹಾಗೆ. ಟ್ರೆಬಲ್ ಇಳಿಸಿದರೆ ಭಾಗವತರ ಉಚ್ಚಾರವೂ ಮೊಂಡಾಗುತ್ತದೆ, ತಾಳ ಗೆಜ್ಜೆಯ ಹೊಳಪೂ ಹೋಗುತ್ತದೆ.

ತಾಳಮದ್ದಳೆಯಲ್ಲಿ ಪದ್ಯಕ್ಕಿಂತ ಅರ್ಥವೇ, ಅಂದರೆ ಕೂತು ಆಡುವ ಮಾತೇ, ಹೆಚ್ಚು ಹೊತ್ತು. ಮಾತು ಸ್ಪಷ್ಟವಾಗಬೇಕೆಂದರೆ ಸ್ಟೀರಿಯೋದಲ್ಲಿ ಸಬ್‌ವೂಫರ್ ಪೂರಾ ಆಫ್ ಮಾಡಿ. ಅಗಲದ ಜಗಲಿಯಲ್ಲಿ ಹತ್ತಿಪ್ಪತ್ತು ಜನ ಚದುರಿ ಕೂತು ಕೇಳುವಾಗ, ಚೌತಿ ಹಬ್ಬಕ್ಕೆ ನೆಂಟರೆಲ್ಲ ಸೇರಿದಾಗ, 'ಆಲ್ ಚಾನೆಲ್ ಸ್ಟೀರಿಯೋ' ಹಾಕಿ ಸದ್ದು ಕಡಿಮೆ ಇಡಿ. ಎಲ್ಲ ಸ್ಪೀಕರಿನಿಂದಲೂ ಅದೇ ಮಾತು ಬರುವುದರಿಂದ ಮುಂದಿದ್ದವರ ಕಿವಿ ಕಿತ್ತುಹೋಗದು, ಮೂಲೆಯಲ್ಲಿದ್ದವರಿಗೂ ತಲುಪುತ್ತದೆ. ಒಬ್ಬರೇ ಕೂತು ಕೇಳಲು ಮಾತ್ರ ಈ ಮೋಡ್ ಒಳ್ಳೆಯದಲ್ಲ.

ಹಿಂದೂಸ್ತಾನಿ ಖಯಾಲಿಗೆ 'ಡೈರೆಕ್ಟ್' ಹಾಕಿ, ಎರಡೇ ಸ್ಪೀಕರ್ ಸಾಕು. ನೂಲಿನಿಂದ ಅಳೆದು ಇಟ್ಟದ್ದರ ಫಲ ಇಲ್ಲಿ ಕಾಣುತ್ತದೆ: ತಂಬೂರಿ ಹಿಂದೆ ಹರಡಿ, ಗಾಯಕರು ನಟ್ಟನಡುವೆ. ಡೈರೆಕ್ಟ್‌ನಲ್ಲಿ ಕೆಲವು ರಿಸೀವರ್‌ಗಳು ಸಬ್‌ವೂಫರನ್ನೂ ಬಿಟ್ಟುಬಿಡುತ್ತವೆ. ಸಣ್ಣ ಸ್ಪೀಕರಾದರೆ ತಬಲಾದ ಎಡಗೈ ಬಡವಾಗುತ್ತದೆ, ಆಗ 'ಸ್ಟೀರಿಯೋ'ಕ್ಕೆ ಮರಳಿ.

ಕ್ರಿಕೆಟ್, ಕಬಡ್ಡಿಗೆ ಅಪ್‌ಮಿಕ್ಸ್ ಚೆನ್ನ. ಕಾಮೆಂಟರಿ ಸೆಂಟರಿಗೆ, ಜನರ ಕೂಗು ಸುತ್ತಲಿಗೆ ಹೋಗುತ್ತದೆ. ಸರೌಂಡ್ 2 ಡಿಬಿ ಇಳಿಸಿಕೊಂಡರೆ ಮೂರು ತಾಸು ಕೂತರೂ ತಲೆ ಭಾರವಾಗದು. ವಾರ್ತೆಗೆ, ಆಕಾಶವಾಣಿಗೆ ಸ್ಟೀರಿಯೋ ಸಾಕು.

ಮಳೆಗಾಲ

ಆಷಾಢದ ಮಳೆ ಹಂಚಿನ ಮೇಲೆ ಬಿದ್ದಾಗ ಆ ಸದ್ದು ಮೇಲು ದನಿಯನ್ನೆಲ್ಲ ಮುಚ್ಚುತ್ತದೆ. ಮಾತಿನಲ್ಲಿ ಮೊದಲು ಕಳೆದುಹೋಗುವುದು ಸ, ಶ, ತ, ಫ ಇಂಥ ಅಕ್ಷರಗಳು, ಅದಕ್ಕೇ ದನಿ ಕೇಳಿದರೂ ಮಾತು ತಿಳಿಯದು. ಸೆಂಟರ್ ಇನ್ನೂ 3 ಡಿಬಿ ಏರಿಸಿ, ಸಬ್‌ವೂಫರ್ 2 ಇಳಿಸಿ, ನೈಟ್ ಮೋಡ್ ಹಾಕಿ. ರಿಸೀವರಿನಲ್ಲಿ 'ಸೀನ್' ಅಥವಾ 'ಪ್ರೀಸೆಟ್' ಗುಂಡಿಗಳಿದ್ದರೆ ಒಂದನ್ನು ಸಿನಿಮಾಕ್ಕೆ, ಒಂದನ್ನು ಯಕ್ಷಗಾನಕ್ಕೆ, ಒಂದನ್ನು ಮಳೆಗೆ ಉಳಿಸಿಕೊಳ್ಳಿ. ಇಲ್ಲದಿದ್ದರೆ ಅಂಕಿಗಳನ್ನು ಚೀಟಿಯಲ್ಲಿ ಬರೆದು ಟಿವಿ ಸ್ಟ್ಯಾಂಡಿನ ಒಳಬದಿಗೆ ಅಂಟಿಸಿ, ಮನೆಯ ಯಾರು ಬೇಕಾದರೂ ಹಾಕಿಕೊಳ್ಳಲಿ.

ಕರೆಂಟು ಹೋಗಿ ಬರುವುದು ಘಟ್ಟದ ಮೇಲೆ ದಿನನಿತ್ಯದ್ದು. ಇನ್ವರ್ಟರ್ ಸೈನ್ ವೇವ್ ಅಲ್ಲದಿದ್ದರೆ ಸ್ಪೀಕರ್ ಜುಂಯ್ ಎನ್ನುತ್ತದೆ, ಸೆಟ್ಟನ್ನು ಅದಕ್ಕೆ ಕೊಡಬೇಡಿ. ಸಿಡಿಲಿಗೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು. ಡಿಶ್‌ನ ವೈರ್, ಇಂಟರ್ನೆಟ್ ವೈರ್‌ಗಳನ್ನೂ ಕೀಳಬೇಕು. ಪ್ಲಗ್ ಕಿತ್ತ ಮನೆಯಲ್ಲೂ ಡಿಶ್ ವೈರಿನಿಂದ ಇಳಿದು ಎಚ್‌ಡಿಎಂಐ ಮೂಲಕ ರಿಸೀವರ್ ಸುಡುವುದುಂಟು. ಏಪ್ರಿಲ್, ಮೇ ಮತ್ತೆ ಅಕ್ಟೋಬರಿನ ಸಂಜೆಗಳಲ್ಲಿ ಇದು ನೆನಪಿರಲಿ. ಸುಮ್ಮನಿದ್ದಾಗಲೂ ಹಂ ಎಂಬ ಸದ್ದು ಬರುತ್ತಿದ್ದರೆ ಡಿಶ್ ವೈರ್ ಕಿತ್ತು ನೋಡಿ. ನಿಂತರೆ ಅರ್ಥಿಂಗ್ ಎರಡು ಕಡೆಯಿಂದ ಸುತ್ತುತ್ತಿದೆ. ಟಿವಿ, ರಿಸೀವರ್, ಸಬ್‌ವೂಫರ್ ಮೂರನ್ನೂ ಒಂದೇ ಬೋರ್ಡಿಗೆ ತನ್ನಿ. ಪ್ಲಗ್ಗಿನ ಅರ್ಥ್ ಕಡ್ಡಿ ಮುರಿದು ಹಂ ನಿಲ್ಲಿಸುವವರಿದ್ದಾರೆ, ಅದು ಜೀವಕ್ಕೆ ಅಪಾಯ.

ಮಳೆಗಾಲದಲ್ಲಿ ಸ್ಪೀಕರ್ ಮೇಲೆ ಪ್ಲಾಸ್ಟಿಕ್ ಹೊದೆಸಬೇಡಿ, ತೇವ ಒಳಗೇ ನಿಂತು ಬೂಷ್ಟು ಹಿಡಿಯುತ್ತದೆ. ಹತ್ತಿ ಬಟ್ಟೆ ಸಾಕು. ದಿನಕ್ಕೆ ಅರ್ಧ ತಾಸಾದರೂ ಸೆಟ್ ಓಡಿಸಿ, ರಿಸೀವರಿನ ಬಿಸಿಗೆ ಅದರ ಒಳಗಿನ ತೇವ ಆರುತ್ತದೆ. ಅದರ ಮೇಲೆ ನಾಲ್ಕು ಇಂಚು ಜಾಗ ಖಾಲಿ ಇರಲಿ. ಹೊಸ ಸ್ಪೀಕರ್ ಕೊಳ್ಳುವಾಗ ವೂಫರಿನ ಸುತ್ತಲ ಬಳೆ ರಬ್ಬರಿನದೇ ನೋಡಿ ತನ್ನಿ, ಸ್ಪಂಜಿನದು ನಮ್ಮ ಹವೆಗೆ ಕೆಲವೇ ವರ್ಷದಲ್ಲಿ ಕೈಗೆ ಪುಡಿಯಾಗಿ ಬರುತ್ತದೆ.

ಮಳೆ ನಿಂತ ಮೇಲೆ ಒಮ್ಮೆ ಟಾರ್ಚ್ ಹಿಡಿದು ಸ್ಪೀಕರಿನ ಹಿಂದೆ ಅಥವಾ ಮುಂದೆ ಇರುವ ದುಂಡು ತೂತಿನೊಳಗೆ ನೋಡಿ. ಕುಂಬಾರ ಹುಳಕ್ಕೆ ಆ ಕೊಳವೆ ಬಹಳ ಇಷ್ಟ. ಅದು ಮಣ್ಣಿನ ಗೂಡು ಕಟ್ಟಿ ಅರ್ಧ ಮುಚ್ಚಿದರೆ ಆ ಒಂದು ಸ್ಪೀಕರಿನ ಬೇಸ್ ಮಾತ್ರ ಕಟ್ಟಿಹೋಗುತ್ತದೆ, ಎಡ ಬಲ ಹೊಂದುವುದಿಲ್ಲ, ವೈರ್ ಬದಲಿಸಿದರೂ ಸರಿಹೋಗದು. ಸ್ಪೀಕರನ್ನು ತೂತು ಕೆಳಗಾಗುವಂತೆ ಬಾಗಿಸಿ, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಗೂಡನ್ನು ಹೊರಕ್ಕೆ ಎಳೆಯಿರಿ. ಒಳಕ್ಕೆ ತಳ್ಳಿದರೆ ಮಣ್ಣಿನ ಚೂರು ಪೆಟ್ಟಿಗೆಯೊಳಗೆ ಬಿದ್ದು ಪ್ರತಿ ಬೇಸಿಗೂ ಗಲಗಲ ಎನ್ನುತ್ತದೆ. ಆಮೇಲೆ ತೂತಿಗೆ ಸೊಳ್ಳೆಪರದೆಯ ತುಂಡೊಂದನ್ನು ಎಳೆದು ರಬ್ಬರ್ ಬ್ಯಾಂಡ್ ಹಾಕಿ. ಗಾಳಿ ಆಡಲು ಅಡ್ಡಿಯಿಲ್ಲ, ಹುಳ ಮಾತ್ರ ಒಳಗೆ ಬಾರದು.